ರೊಕ್ಕ ಬಂದ್ರ ಸೋಲಾಪುರ

ಏ ನಿಂದರ್ರಿ, ಈಗ ಆಗಿದ್ದು ಹೇಳಿದ್ರ ನೀವು ನಂಬಂಗಿಲ್ಲ! ನಾ ಅಫಜಲಪುರದಾಗ ಬಡವ್ರ ದವಾಖಾನಿ ಆ್ಯಂಬುಲೆನ್ಸ್ ಹೊಡಿತೇನಿ. ರೊಕ್ಕ ಕೊಡೋ ಪೇಶಂಟ್ ಬರ್ಲಿಲ್ಲಂದ್ರ ಮುಂದಿನ ತಿಂಗಳ ಬಾಗಲಿಗಿ ಕೀಲಿನೇ ಅಂತ ನಮ್ಮ ಡಾಕ್ಟ್ರು ಹೇಳ್ಯಾರ. ಅಂಥಾದ್ರಾಗ ಹವಳಗಾದ ಶರಣಪ್ಪ ಕಾಕಾ, ವರ್ಷಗಟ್ಲೆ ನಮ್ಮಲ್ಲಿ ಪುಕ್ಕಟ ಗುಳಿಗಿ ನುಂಗಿದಂವ, ಕಬ್ಬಿನ ಬಿಲ್ ಬಂದ ಕೂಡ್ಲೆ ಹರ್ನಿಯಾ ಆಪರೇಷನ್‌ಗಿ ಸೋಲಾಪುರಕ್ಕ ಹೊಂಟ.

"ನಮ್ಮಲ್ಲೇ ಮಾಡ್ತಾರಲ್ರಿ ಕಾಕಾ!"

"ಲೇ ಹುಚ್ಚಾ, ರೊಕ್ಕ ಇದ್ದಾಗರೆ ಛಲೋ ದವಾಖಾನಿಗಿ ಹೋಗಬಾರದೇನೋ?"

ಒಯ್ದೆ. ಅಲ್ಲಿ ಹಸರ ಟೊಪಗಿ ಹಾಕ್ಕೊಂಡು ಕೊಯ್ಯಾಕ ಬಂದವ್ರು ಯಾರ್ರಿ? ನಮ್ಮ ಡಾಕ್ಟ್ರೇ! ನಮ್ಮ ಸಿಸ್ಟರ್‌ಗೋಳ ಪಗಾರ ಹುಟ್ಟಸಾಕ ವಾರಕ್ಕೊಮ್ಮೆ ಅಲ್ಲಿ ದುಡಿತಾರಂತ. ಕಾಕಾ ಖುಷಿ ಆಗಿ, "ನೀವೂ ಇಲ್ಲಿಗೇ ಬಂದ್ರೇನು ಸಾಹೇಬ್ರ? ಶಾಣ್ಯಾ ಅದೀರಿ!" ಅಂದ.

ಇವತ್ತ ವಾಪಸ್ ಕರ್ಕೊಂಡ್ ಬರಾಕತ್ತಿದ್ದೆ. "ಕೊಯ್ದವ್ರು ಅದೇ ಡಾಕ್ಟ್ರಲ್ರಿ ಕಾಕಾ?" ಅಂದೆ.

"ಡಾಕ್ಟ್ರು ಅವರೇ ತಮ್ಮಾ. ಆದ್ರ ಸೋಲಾಪುರದಾಗ ಅವರ ಕೈ ಛಲೋ ನಡಿತದ. ಹೊಲಿಗಿ ಬಿಚ್ಚಸಾಕ ನಿಮ್ಮಲ್ಲೇ ಬರ್ತೇನಿ ಬಿಡು, ಪುಕ್ಕಟ ಅದಲ್ಲ!"

ನಾ ದಾರ್ಯಾಗ ಗಾಡಿ ಬಾಜೂಕ ನಿಂದ್ರಿಸಿ ಹಿಂದ ತಿರುಗಿ ನೋಡ್ದೆ. ಮಲ್ಕೊಂಡು ಆರಾಮ ನಗಾಕತ್ತಿದ್ದ.

ನೀವಾಗಿದ್ರ ಏನ್ ಮಾಡ್ತಿದ್ರಿ, ಹೇಳ್ರಿ?