ಹೆರಿಗೆಯೇ ಇಲ್ಲದ ಊರಿಗೆ ಸೂಲಗಿತ್ತಿ

ನನ್ನ ಅಜ್ಜಿಯನ್ನು ಬೇಹುಗಾರ್ತಿ ಅಂದವರು ಆ ಆಟದ ಗುಂಪಿನವರೇ ಮೊದಲು. ಅವಳು ಬದುಕಿದ್ದಾಗ ಅಂದಿದ್ದರೆ ಪೊರಕೆ ಹಿಡಿದು ಬರುತ್ತಿದ್ದಳು.

ವಿಷಯ ಇಷ್ಟು. ಒಂದು ಆನ್‌ಲೈನ್ ಆಟದಲ್ಲಿ ಕನ್ನಡದವರದೇ ಒಂದು ಗುಂಪಿದೆ. ಅಲ್ಲಿ ಗೆಲ್ಲುವುದಕ್ಕಿಂತ ಪಾತ್ರವಾಗಿ ಬದುಕುವುದು ಮುಖ್ಯ. ಒಬ್ಬ ಸೇನಾಪತಿ, ಒಬ್ಬಳು ರಾಣಿ, ಒಬ್ಬ ಕಮ್ಮಾರ. ಎಲ್ಲರೂ ತಂತಮ್ಮ ಪಾತ್ರದ ಮಾತನ್ನು ಟೈಪ್ ಮಾಡುತ್ತಾ ಹೋಗುತ್ತಾರೆ. ಆಟದ ಲೋಕಕ್ಕೆ ಮೊದಲಿನಿಂದಲೇ ಒಂದು ಪುರಾಣವಿದೆ, ಹೊಸ ಪಾತ್ರ ಅದಕ್ಕೆ ಹೊಂದಿಕೊಳ್ಳಬೇಕು. ನಾನು ತರಲು ಹೊರಟಿದ್ದು ಒಬ್ಬ ಮುದಿ ಸೂಲಗಿತ್ತಿಯನ್ನು. ಆ ಪುರಾಣದಲ್ಲೋ ಹೆರಿಗೆಯೇ ಇಲ್ಲ! ಮಕ್ಕಳು ಗುಡಿಯ ದೊಡ್ಡ ದೀಪದ ಕುಡಿಯಿಂದ ಇಳಿದು ಬರುತ್ತಾರೆ.

ನನ್ನ ಅಜ್ಜಿ ಹಲಸೂರಿನ ಸೂಲಗಿತ್ತಿ. ನಮ್ಮ ಬೀದಿಯಿಂದ ಹಿಡಿದು ಶಿವಾಜಿನಗರದ ಸಂದಿಗೊಂದಿಯವರೆಗೆ ಅವಳ ಕೈಗೆ ಬಿದ್ದ ಮಕ್ಕಳಿದ್ದಾರೆ. ಮನೆಯಲ್ಲಿ ತಮಿಳು, ಬೀದಿಯಲ್ಲಿ ಕನ್ನಡ, ಮುಸ್ಲಿಮರ ಮನೆಗಳಲ್ಲಿ ದಖನಿ ಉರ್ದು, ಕೊನೆಕೊನೆಗೆ ಮೂರನ್ನೂ ಕಲಸಿ ಒಂದೇ ಉಂಡೆ. ಯಾವ ಮನೆಯ ಮಗುವನ್ನಾದರೂ ತಮಿಳಿನವರ ಹಾಗೆ ಕಣ್ಣು ಅಂತಲೇ ಕರೆಯುತ್ತಿದ್ದಳು. ಹೋದ ವರ್ಷ ತೀರಿಕೊಂಡಳು. ಫೋಟೊಗಳು ಬೇಕಾದಷ್ಟಿವೆ, ಮಾತು ಒಂದೂ ಇಲ್ಲ. ಒಬ್ಬರಿಗೂ ರೆಕಾರ್ಡ್ ಮಾಡುವ ಬುದ್ಧಿ ಬರಲಿಲ್ಲ, ನನಗೂ ಸೇರಿ. ಅವಳ ಮಾತು ಇನ್ನೊಮ್ಮೆ ಆಡಬೇಕು, ಯಾರಾದರೂ ಅದಕ್ಕೆ ಉತ್ತರ ಕೊಡಬೇಕು. ನನಗೆ ಬೇಕಾಗಿದ್ದದ್ದು ಅಷ್ಟೇ.

ಆದರೆ ಗುಂಪಿನವರು ಹಿಂದೊಮ್ಮೆ ಬಾಯಿ ಸುಟ್ಟುಕೊಂಡಿದ್ದರು. ಹೂ ಮಾರುವವಳ ವೇಷದಲ್ಲಿ ಬಂದ ಯಾರೋ ಯುದ್ಧದ ಗುಟ್ಟನ್ನೆಲ್ಲ ಎದುರಾಳಿ ಗುಂಪಿಗೆ ಒಪ್ಪಿಸಿದ್ದರಂತೆ. ಅಂದಿನಿಂದ ಮಜ್ಜಿಗೆಯನ್ನೂ ಊದಿ ಕುಡಿಯುತ್ತಿದ್ದರು. ಕತ್ತಿ ಹಿಡಿದು ಬಂದಿದ್ದರೆ ಯಾರೂ ಕೇಳುತ್ತಿರಲಿಲ್ಲ. ಕತ್ತಿಯಿಲ್ಲದ ಮುದುಕಿ, ಅದೂ ಎಲ್ಲರ ಮನೆಯ ಒಳಕೋಣೆಗೆ ಹೋಗುವವಳು!

ನಾನು ಬರೆದು ಕಳಿಸಿದ ಮುದುಕಿಯ ಮಾತು ಓದಿದ ಮೇಲೆ ಪುರಾಣದ ಉಸ್ತುವಾರಿ ನೋಡಿಕೊಳ್ಳುವಾತ ಸಂದೇಶ ಕಳಿಸಿದ: ಮುಖ ನೋಡಿ ಮಾತಾಡಬೇಕು. ನಾನು ಇಂದಿರಾನಗರದಲ್ಲಿ ಒಂದು ಹಲ್ಲಿನ ಆಸ್ಪತ್ರೆಯ ರಿಸೆಪ್ಷನ್‌ನಲ್ಲಿದ್ದೇನೆ. ಮಧ್ಯಾಹ್ನ ಮೆಟ್ರೋ ಪಕ್ಕದ ದರ್ಶಿನಿಗೆ ಬನ್ನಿ ಅಂದೆ. ಮನಸ್ಸಿನಲ್ಲಿ ನೂರೆಂಟು ಅನುಮಾನ. ಆಟದವನಿಗೆ ನನ್ನ ಮುಖ ಯಾಕೆ? ಪಾತ್ರ ಚೆನ್ನಾಗಿದೆ ಅಂತ ಹೊಡೆದುಕೊಂಡು ಹೋಗುವ ಹುನ್ನಾರವೋ? ಕ್ಯಾಶ್ ಕೌಂಟರಿನ ಎದುರಿಗೇ ನಿಂತುಕೊಂಡೆ, ಕೂಗಿದರೆ ನಾಲ್ಕು ಜನರಿಗೆ ಕೇಳಲಿ ಅಂತ. ಆತ ಬಂದವನೇ ನನ್ನನ್ನು ನೋಡುವ ಮೊದಲು ನನ್ನ ಹಿಂದೆ ಯಾರಿದ್ದಾರೆ ಅಂತ ನೋಡಿದ. ಸರಿಹೋಯಿತು, ಇಬ್ಬರೂ ಒಂದೇ ಅಂದುಕೊಂಡೆ.

ಹುಬ್ಬಳ್ಳಿ ಕಡೆಯ ಮಾತು. ಕಾಫಿ ಲೋಟ ಕೆಳಗಿಡದೆಯೇ ಶುರುಮಾಡಿದ. "ಅಲ್ರೀ, ನಿಮ್ಮ ಮುದುಕಿ ಯಾರ ಪೈಕಿ?"

ಹೆಣ್ಣು ನೋಡಲು ಬಂದವರ ಪ್ರಶ್ನೆ! ಪಾತ್ರಕ್ಕೂ ಬಳಗ ಬೇಕು, ಊರಿನ ಯಾವುದಾದರೂ ಹಳೆಯ ಪಾತ್ರಕ್ಕೆ ನಂಟು ಬೀಳಬೇಕು, ಅದು ಅವರ ಪದ್ಧತಿ.

"ಯಾರ ಪೈಕೀನೂ ಅಲ್ಲ. ಸೂಲಗಿತ್ತಿ ಎಲ್ಲರ ಪೈಕಿ" ಅಂದೆ.

"ಅದ ನೋಡ್ರಿ ನಮಗ ಸಂಶಯ. ಮಕ್ಕಳು ದೀಪದಿಂದ ಬರ್ತಾವು. ಸೂಲಗಿತ್ತಿಗೆ ಏನ್ ಕೆಲಸ ಐತಿ?"

"ದೀಪದಿಂದ ಬಂದ ಮಗು ಬಿಸಿ ಇರಲ್ವಾ? ಕೆಂಡದ ಹಾಗೆ ಸುಡೋ ಮಗೂನ ಬರಿಗೈಯಲ್ಲಿ ಹಿಡಿಯೋರು ಯಾರ್ರೀ? ನಿಮ್ಮ ಸೇನಾಪತಿನಾ? ಹಿಡಿದು, ಒದ್ದೆ ಬಟ್ಟೇಲಿ ಸುತ್ತಿ, ತಣ್ಣಗೆ ಮಾಡಿ ತಾಯಿ ಕೈಗೆ ಕೊಡೋಳು ನಮ್ಮಜ್ಜಿ. ಅವಳ ಅಂಗೈ ನೋಡಿ, ಗೆರೆನೇ ಇಲ್ಲ, ಎಲ್ಲಾ ಸುಟ್ಟುಹೋಗಿದೆ."

ಇದನ್ನು ನಾನು ಎರಡು ವಾರ ಮೆಟ್ರೋದಲ್ಲಿ ನಿಂತು ಯೋಚಿಸಿದ್ದೆ. ಒಪ್ಪಿಗೆಯಾಯಿತು ಅಂತ ಆತನ ಮುಖವೇ ಹೇಳಿತು. ಆದರೂ ಬಿಡಬೇಕಲ್ಲ!

"ಆತು. ಆದ್ರ ಆ ಮಾತು ಬ್ಯಾಡ. ತಮಿಳು, ಉರ್ದು ಎಲ್ಲಾ ಕೂಡಿಸಿ ಬರದೀರಲ್ಲ, ಅದು ನಮ್ಮ ಲೋಕದಾಗ ಇಲ್ಲ. ಅಚ್ಚ ಕನ್ನಡ ಇರ್ಲಿ."

"ಹತ್ತು ಮನೆ ತಿರುಗೋಳ ಬಾಯಲ್ಲಿ ಹತ್ತು ಮನೆ ಮಾತು ಇರುತ್ತಪ್ಪಾ."

"ಹತ್ತು ಮನಿ ತಿರುಗಾಕಿ ಅಂತನ ನಮ್ಮ ಮಂದಿಗೆ ಭಯ ಇರೋದು" ಅಂದ. ಮೈಯೆಲ್ಲಾ ಉರಿದುಹೋಯಿತು. ಬಾಯಿಂದ ಮಾತ್ರ ಸರಿ ಅಂದೆ. ಹಾಗನ್ನದಿದ್ದರೆ ಅಜ್ಜಿ ಹೊರಗೇ ಉಳಿಯುತ್ತಿದ್ದಳು.

ಹೊರಡುವಾಗ ಇನ್ನೊಂದು ನಿಯಮ ಹೇಳಿದ. ಮೊದಲ ದಿನ ಹಳಬರಲ್ಲಿ ಯಾರಾದರೂ ಇಲ್ಲದ ನಂಟು ಹೇಳಿಕೊಂಡು ಬರುತ್ತಾರೆ, ಅದು ಪರೀಕ್ಷೆ. ಹೌದು ಅಂದರೆ ಅಲ್ಲಿಗೇ ಹೊರಗೆ. ನನಗೆ ನಿನ್ನ ನೆನಪಿಲ್ಲ ಅಂದುಬಿಟ್ಟರೆ ಸಾಕು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವವರನ್ನು ಹಿಡಿಯುವ ಬೋನು ಅದು.

ಭಾನುವಾರ ಸಂಜೆ ಅಜ್ಜಿ ಊರಬಾಗಿಲಿಗೆ ಬಂದಳು. ಕೋಟೆಯ ಮೇಲೆ, ಚಾವಡಿಯ ಪಕ್ಕ, ಎಲ್ಲ ಕಡೆ ಪಾತ್ರಗಳು ನಿಂತು ನೋಡುತ್ತಿದ್ದವು. ಒಬ್ಬೊಬ್ಬರೂ ನನ್ನನ್ನೇ ಅಳೆಯುತ್ತಿದ್ದಾರೆ ಅನ್ನಿಸಿತು. ಬಾಗಿಲ ಹತ್ತಿರ ಗಾಯಗೊಂಡ ಸೈನಿಕನೊಬ್ಬ ನರಳುತ್ತಿದ್ದ. "ಮಗನೇ, ಧೈರ್ಯ ತಂದುಕೋ, ನೋವು ಶಮನವಾಗುವುದು" ಅಂತ ಟೈಪ್ ಮಾಡಿದೆ. ಓದಿ ನೋಡಿದರೆ ಯಾರೋ ನಾಟಕದ ರಾಜಮಾತೆ! ಇವಳಿಗಾಗಿ ನಾನು ಆ ದರ್ಶಿನಿಯಲ್ಲಿ ಬೈಸಿಕೊಂಡೆನಾ? ಅಳಿಸಿ ಬರೆದೆ:

"ಅಯ್ಯೋ ಕಣ್ಣು, ಅಳ್ಬೇಡ ರಾಜಾ. ಬಸ್, ಆಗೋಯ್ತು ಬೇಟಾ, ಇನ್ನೊಂದ್ ಚೂರು ತಡ್ಕೋ."

ಕೂಡಲೇ ಒಬ್ಬ, "ಇದು ಯಾವ ನಾಡಿನ ನುಡಿ?" ಅಂದ. ಇನ್ನೊಬ್ಬ, "ಹೊರಗಿನವಳು, ನಾನು ಮೊದಲೇ ಹೇಳಿದ್ದೆ" ಅಂದ. ಅಜ್ಜಿಯನ್ನು ಎರಡನೇ ಸಲ ಕಳೆದುಕೊಳ್ಳುತ್ತೇನೆ ಅಂತ ಹೆದರಿದೆ.

ಆಗ ಉಸ್ತುವಾರಿಯ ಪಾತ್ರ, ಗುಡಿಯ ಪೂಜಾರಿ, ಎಲ್ಲರನ್ನೂ ಸರಿಸಿ ಮುಂದೆ ಬಂದ. ಆಟದೊಳಗೆ ಆತ ಶಾಸನದಂಥ ಕನ್ನಡ ಬಿಟ್ಟು ಬೇರೆ ಬರೆದದ್ದನ್ನು ಯಾರೂ ಕಂಡಿರಲಿಲ್ಲವಂತೆ. ಈಗ ಬರೆದ:

"ಆಯಿ, ನಾನು ಹುಟ್ಟಿದಾಗ ನೀನ ಹಿಡದಿದ್ದಿ ಅಂತಾರ. ನಾ ಅತ್ತಿದ್ದೆನೇನು?"

ಬೋನು! ಇಲ್ಲ ಅಂತ ಬರೆಯಲು ಬೆರಳು ಎತ್ತಿಯೂ ಇದ್ದೆ. ಆದರೆ ಬೋನು ಇಡುವವನು ತನ್ನ ಮನೆಯ ಮಾತಿನಲ್ಲಿ, ಅಜ್ಜಿಯನ್ನು ಕರೆದ ಹಾಗೆ ಆಯಿ ಅಂತ ಯಾಕೆ ಕರೆದ? ನನ್ನನ್ನು ಬೀಳಿಸಲಿಕ್ಕೇ ಇರಬಹುದು. ನಿಜವಾಗಿಯೂ ಕೇಳುತ್ತಿರಲೂಬಹುದು. ಹೌದು ಅಂದರೆ ಅಜ್ಜಿ ಹೊರಗೆ. ಇಲ್ಲ ಅನ್ನಬಹುದಿತ್ತು, ಆದರೆ ತನ್ನ ಹುಟ್ಟು ಕೇಳಿಕೊಂಡು ಬಂದವರಿಗೆ ಅಜ್ಜಿ ಬದುಕಿದ್ದ ತನಕ ಇಲ್ಲ ಅಂದವಳಲ್ಲ.

ಬೆರಳು ತಾನೇ ಓಡಿತು.

"ಅಳದೇ ಇದ್ದಿದ್ರೆ ಈಗ ನನ್ ಮುಂದೆ ನಿಂತ್ಕೊಂಡು ಕೇಳ್ತಾ ಇರ್ತಿದ್ಯಾ ಕಣ್ಣು?"

ಕಳಿಸಿದ ಮೇಲೆ ಓದಿದೆ. ಹೌದೂ ಅಲ್ಲ, ಇಲ್ಲವೂ ಅಲ್ಲ. ಇದನ್ನು ನಾನು ಮೆಟ್ರೋದಲ್ಲಿ ಯೋಚಿಸಿರಲಿಲ್ಲ, ಅವಳ ಬಾಯಿಂದ ಹಿಂದೆ ಕೇಳಿಯೂ ಇರಲಿಲ್ಲ. ಆದರೂ ಅದು ಅವಳೇ.

ಪೂಜಾರಿ ಪಕ್ಕಕ್ಕೆ ಸರಿದು ದಾರಿ ಬಿಟ್ಟ. "ಒಳಗ ಬಾ ಆಯಿ" ಅಂದ. ಅಜ್ಜಿ ಹೊಸ್ತಿಲಲ್ಲೇ ನಿಂತಿದ್ದಳು, ಯಾಕೆಂದರೆ ನಾನು ಅಳುತ್ತಿದ್ದೆ, ಕೀ ಯಾವುದೂ ಕಾಣುತ್ತಿರಲಿಲ್ಲ.