ತಂತಿ ಎತ್ತಿ ರಾಕೆಟ್ ದಾಟಿಸುವ ದುಂಡೇಶ

ಬೆಳಕು ಈಗಷ್ಟೇ ಹರಿದಿದೆ. ಹುಕ್ಕೇರಿಯಿಂದ ಗೋಕಾಕದ ಕಡೆಗೆ ಹೊರಟ ರಸ್ತೆಯ ಮೇಲೆ ಮಂಜು ಹಾಸಿಕೊಂಡಿದೆ. ಅದರೊಳಗಿಂದ ಅರವತ್ತನಾಲ್ಕು ಗಾಲಿಗಳ ಟ್ರೇಲರ್ ಒಂದು ನಿದ್ದೆಗಣ್ಣಿನಲ್ಲಿ ನಡೆಯುವವರ ಹಾಗೆ ಮೆಲ್ಲಗೆ ಬರುತ್ತಿದೆ. ಅದರ ಬೆನ್ನಿನ ಮೇಲೆ ತಾಡಪತ್ರಿ ಹೊದಿಸಿದ ಭಾರಿ ಉಕ್ಕಿನ ಕೊಳವೆ. ಕೊಳವೆಯ ನೆತ್ತಿಯಲ್ಲಿ, ನೆಲದಿಂದ ಹದಿನೈದು ಅಡಿ ಮೇಲೆ, ಚೌಕಟ್ಟಿಗೆ ಬಿಗಿದ ಹಲಗೆಯ ಮೇಲೆ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಕುಳಿತಿದ್ದಾರೆ ದುಂಡೇಶ ಕಮತ. ಕೈಯಲ್ಲಿ ಉದ್ದನೆಯ ಬಿದಿರಿನ ಗಳ. ಅದರ ತುದಿಯ ಕವೆಗೆ ಸೈಕಲ್ ಟ್ಯೂಬು ಸುತ್ತಿದೆ.

ಒಂದು ಸೀಟಿ ಊದುತ್ತಾರೆ. ಕೆಳಗೆ ಚಾಲಕ ಲಖನ ಗಾಡಿ ನಿಲ್ಲಿಸುತ್ತಾನೆ. ಜೋತುಬಿದ್ದ ವಿದ್ಯುತ್ ತಂತಿಯನ್ನು ದುಂಡೇಶ ಕವೆಯಲ್ಲಿ ಹಿಡಿದು, ಮಲಗಿದ ಮಗುವಿನ ತೋಳು ಸರಿಸುವಷ್ಟು ಹಗುರವಾಗಿ ಮೇಲೆತ್ತುತ್ತಾರೆ. ಎರಡು ಸೀಟಿ. ಗಾಡಿ ತಂತಿಯ ಅಡಿಯಿಂದ ಸಾಗುತ್ತದೆ. ಬಾಗಿಲ ಮುಂದೆ ನೀರು ಚಿಮುಕಿಸುತ್ತಿದ್ದ ಮಹಿಳೆಯೊಬ್ಬರು ತಲೆಯೆತ್ತಿ, "ಏನ್ರಿ ಯಣ್ಣಾ ಅದು, ನೀರಿನ ಟಾಕಿಯೇನು?" ಎಂದು ಕೇಳುತ್ತಾರೆ.

"ಹಂಗ ತಿಳಕೋ ಯವ್ವಾ. ಮ್ಯಾಲಿನ ಊರಿಗೆ ಒಯ್ಯಾಕತ್ತೇವಿ."

ಅದು ರಾಕೆಟ್ಟಿನ ಕೆಳಭಾಗದ ಕವಚ. ಮಹಾರಾಷ್ಟ್ರದ ಕಾರ್ಖಾನೆಯೊಂದರಲ್ಲಿ ತಯಾರಾಗಿ ಪೂರ್ವ ಕರಾವಳಿಯ ಉಡಾವಣಾ ಕೇಂದ್ರಕ್ಕೆ ಹೊರಟಿದೆ. ಇಂಧನ ತುಂಬುವುದು ಅಲ್ಲಿ; ದಾರಿಯುದ್ದಕ್ಕೂ ಅದು ಬರೀ ಟೊಳ್ಳು. ಆದರೆ ಆ ಉಕ್ಕಿನ ಗೋಡೆ ಒಂದು ಬೆರಳಿನಷ್ಟೂ ದಪ್ಪವಿಲ್ಲ. ನೆಗ್ಗಬಾರದು, ಗೀರಬಾರದು, ದುಂಡು ಕೆಡಬಾರದು. ಹೆದ್ದಾರಿಯ ಮೇಲ್ಸೇತುವೆಗಳ ಅಡಿಯಲ್ಲಿ ಹಿಡಿಸುವುದಿಲ್ಲವೆಂದು ಯಮಕನಮರಡಿಗಿಂತ ಮೊದಲೇ ಒಳದಾರಿ ಹಿಡಿಯಬೇಕು. ಒಳದಾರಿಯಲ್ಲಿ ಸೇತುವೆಗಳ ಕಾಟವಿಲ್ಲ. ತಂತಿಗಳ ಕಾಟ ಬೇಕಾದಷ್ಟಿದೆ.

ದಿನಕ್ಕೆ ಅರವತ್ತು ಕಿಲೋಮೀಟರು, ಅದೂ ಬೆಳಕಿದ್ದಾಗ ಮಾತ್ರ. ಇಡೀ ಪಯಣಕ್ಕೆ ಹತ್ತೊಂಬತ್ತು ದಿನ. ಹುಕ್ಕೇರಿಯಿಂದ ಗೋಕಾಕದವರೆಗೆ ನೂರಾ ಹನ್ನೆರಡು ತಂತಿ. "ಯಾವ ತಂತಿ ಎಲ್ಲಿ ಜೋತಾಡತೈತಿ ಅಂತ ಕಣ್ಣು ಮುಚ್ಚಿದ್ರೂ ಹೇಳ್ತೇನ್ರಿ. ಬ್ಯಾಸಗ್ಯಾಗ ಮತ್ತೊಂದು ಗೇಣು ಕೆಳಗ ಇಳೀತಾವು," ಎನ್ನುತ್ತಾರೆ ದುಂಡೇಶ. ಲೈನ್‌ಮನ್ ಮುಂದೆ ಹೋಗಿ ಕರೆಂಟು ತೆಗೆಸಿರುತ್ತಾನೆ. ಆದರೂ ಪ್ರತಿ ತಂತಿಯನ್ನೂ ಜೀವ ಇದ್ದದ್ದೆಂದೇ ಮುಟ್ಟುತ್ತಾರೆ.

ಮೇಲವಂಕಿಯ ಈ ಐವತ್ತನಾಲ್ಕರ ಮನುಷ್ಯ ಮೊದಲು ವಿದ್ಯುತ್ ಕಂಬ ನಿಲ್ಲಿಸುವ ಗುತ್ತಿಗೆ ಕೆಲಸದಲ್ಲಿದ್ದವರು. ಒಮ್ಮೆ ಕಂಬದಿಂದ ಬಿದ್ದು ಎಡಗಡೆಯ ಭುಜ ಮುರಿಯಿತು. ಹತ್ತುವ ಕೆಲಸ ಅಲ್ಲಿಗೆ ನಿಂತಿತು. ಹೆಂಡತಿ ಸಾವಂತ್ರೆವ್ವ ಎರಡು ವರ್ಷ ಕಬ್ಬಿನ ಕಳೆ ತೆಗೆದು ಮನೆ ನಡೆಸಿದರು. ಎಂಟು ವರ್ಷದ ಹಿಂದೆ ಇಂಥದೇ ಟ್ರೇಲರ್ ಊರ ಹತ್ತಿರ ತಂತಿಗೆ ಸಿಕ್ಕಿ ಅರ್ಧ ದಿನ ನಿಂತಾಗ, ದುಂಡೇಶ ಮನೆಯ ಗಳ ತಂದು ದಾಟಿಸಿಕೊಟ್ಟರು. ಸಾಗಣೆಯ ಗುತ್ತಿಗೆದಾರ ಅಂದೇ ಗಾಡಿಗೆ ಹತ್ತಿಸಿಕೊಂಡ. ಇದುವರೆಗೆ ಹನ್ನೊಂದು ಕವಚ ದಾಟಿಸಿದ್ದಾರೆ.

ಮೇಲೆ ಕುಳಿತವರಿಗೆ ಲೋಕವೇ ಬೇರೆ. ಕಬ್ಬಿನ ಸೂಲಂಗಿ ಹೂ ಪಾದದ ಕೆಳಗೆ ಹಾಯುತ್ತದೆ. ಹೆಂಚುಗಳ ಮೇಲಿನ ಇಬ್ಬನಿ, ಮಾಳಿಗೆಯಲ್ಲಿ ಒಣಹಾಕಿದ ಮೆಣಸಿನಕಾಯಿ, ಗಾಣದಿಂದ ತೇಲಿ ಬರುವ ಬೆಲ್ಲದ ಘಮ. "ದೋಣ್ಯಾಗ ಕುಂತಂಗ ಆಕ್ಕೇತಿ. ನಾ ಹೊಂಟೇನೋ, ಭೂಮಿ ಹೊಂಟೇತೋ ತಿಳ್ಯಂಗಿಲ್ರಿ," ಎನ್ನುತ್ತಾರೆ. ಬೂಟು ಹಾಕುವುದಿಲ್ಲ. ಬರಿಗಾಲನ್ನು ತಾಡಪತ್ರಿಯ ಮೇಲೆ ಊರಿರುತ್ತಾರೆ. ಕೊಳವೆಯ ಸಣ್ಣ ನಡುಕವೂ ಅಂಗಾಲಿಗೆ ಬರುತ್ತದೆ.

ಎರಡು ವರ್ಷದ ಹಿಂದಿನ ಜನವರಿಯಲ್ಲಿ ಆದದ್ದೂ ಅಂಗಾಲಿಗೇ ಮೊದಲು ತಿಳಿದದ್ದು. ಮಸಗುಪ್ಪಿಯ ಹತ್ತಿರ ಕಬ್ಬಿನ ಟ್ರ್ಯಾಕ್ಟರ್ ಎದುರಾಗಿ ಲಖನ ಬದಿಗೆ ಸರಿದ. ಹಿಂದಿನ ಗಾಲಿಗಳು ಡಾಂಬರಿನ ಅಂಚಿನಿಂದ ಇಳಿದು ಮತ್ತೆ ಏರಿದವು. ಕೊಳವೆಯ ಜೊತೆಗಿರುವ, ಕುಲುಕಾಟ ಅಳೆಯುವ ಪೆಟ್ಟಿಗೆಯಲ್ಲಿ ಹಸಿರು ದೀಪ ಹಸಿರಾಗಿಯೇ ಉಳಿಯಿತು. ಆದರೆ ಮುಂದಿನ ಎರಡು ಫರ್ಲಾಂಗಿನಲ್ಲಿ ಪಾದದಡಿಯ ನಡುಕ ಬದಲಾಗಿತ್ತು. ದುಂಡೇಶ ಸೀಟಿ ಊದಿದರು. ತಂತಿ ಇರಲಿಲ್ಲ.

ಕಾರ್ಖಾನೆಯ ಪರವಾಗಿ ಜೊತೆಗೆ ಬರುತ್ತಿದ್ದ ಯುವ ಎಂಜಿನಿಯರ್ ರಾಧಿಕಾ ಜೀಪಿನಿಂದ ಇಳಿದು ಬಂದರು. "ಯಾಕ್ ಕಾಕಾ?"

"ಕೊಳವಿ ಎಲ್ಲೋ ತಿಕ್ಕಾಕತ್ತೇತ್ರಿ ಬಾಯಾರ."

"ಪೆಟಿಗ್ಯಾಗ ಏನೂ ತೋರ್ಸಿಲ್ಲಲ್ಲಾ."

"ಪೆಟಿಗಿ ನಂಗ ತಿಳಿಯಂಗಿಲ್ರಿ. ಕಾಲಿಗೆ ತಿಳಿದದ್ದು ಹೇಳಾಕತ್ತೇನಿ."

ಗುತ್ತಿಗೆದಾರ ಫೋನಿನಲ್ಲಿ ರೇಗಿದ. ಗಾಡಿ ಗೊತ್ತಾದ ದಿನ ತಲುಪಲೇಬೇಕಿತ್ತು. ಹಾರಿಸುವ ದಿನ ಆಗಲೇ ನಿಗದಿಯಾಗಿತ್ತು. ಆದರೂ ರಾಧಿಕಾ ತಾಡಪತ್ರಿ ಬಿಚ್ಚಿಸಿದರು. ಕೊಳವೆ ಹೊತ್ತ ತೊಟ್ಟಿಲಿನಂಥ ಆಸರೆಯ ಬೋಲ್ಟ್ ಒಂದು ತುಂಡಾಗಿ, ಅದರ ಅಂಚು ಉಕ್ಕಿಗೆ ತಾಗುತ್ತಿತ್ತು. ಬಿದ್ದದ್ದು ಕೂದಲೆಳೆಯ ಗೀರು.

ಕೂದಲೆಳೆಯಷ್ಟಕ್ಕೆ ಇಷ್ಟು ರಾದ್ಧಾಂತವೇ ಎಂದು ಲಖನನಿಗೂ ಅನಿಸಿತ್ತು. ರಾಧಿಕಾ ವಿವರಿಸಿದರು: ಒಳಗೆ ಬೆಂಕಿ ಹೊತ್ತಿದಾಗ ಈ ತೆಳು ಗೋಡೆಯೇ ಒತ್ತಡವೆಲ್ಲ ತಡೆಯಬೇಕು. ಗೀರು ಇದ್ದಲ್ಲಿಂದಲೇ ಉಕ್ಕು ಸೀಳಬಹುದು. ಈ ಇಂಧನವನ್ನು ಒಮ್ಮೆ ಹೊತ್ತಿಸಿದರೆ ಆರಿಸಲು ಬರುವುದಿಲ್ಲ.

ಕವಚ ಮರಳಿ ಕಾರ್ಖಾನೆಗೆ ಹೋಯಿತು. ಉಡಾವಣೆ ನಾಲ್ಕು ತಿಂಗಳು ಮುಂದೆ ಬಿತ್ತು. ದುಂಡೇಶರನ್ನು ಗುತ್ತಿಗೆದಾರ ಮತ್ತೆ ಕರೆಯಲಿಲ್ಲ. "ಇವರು ಉಣ್ಣೂವಾಗೂ ಅಂಗಾಲ ಮುಟ್ಟಿ ನೋಡ್ಕೋತಿದ್ರು. ನಾ ಅವತ್ತು ಸುಮ್ಮಕ ಇದ್ದಿದ್ರ ಚಲೋ ಆಗ್ತಿತ್ತೇನ ಅಂತ ಕೇಳ್ತಿದ್ರು," ಎಂದು ನೆನೆಯುತ್ತಾರೆ ಸಾವಂತ್ರೆವ್ವ. "ಸುಮ್ಮಕ ಇದ್ದಿದ್ರ ನಿಮಗ ನಿದ್ದಿ ಹತ್ತತಿತ್ತೇನ್ರಿ ಅಂದೆ. ಆಮ್ಯಾಲ ಕೇಳಲಿಲ್ಲ."

ಏಪ್ರಿಲ್ಲಿನಲ್ಲಿ ಮೇಲವಂಕಿಯ ಮನೆ ಮುಂದೆ ಜೀಪು ನಿಂತಿತು. ಇಳಿದವರು ರಾಧಿಕಾ. ಗೀರಿನ ತಪಾಸಣೆ ಮುಗಿದಿತ್ತು. ನೋಡಲು ಕೂದಲೆಳೆಯಾದರೂ ಅದು ಆಳಕ್ಕೆ ಇಳಿದಿತ್ತು. ಆ ಕವಚ ಮತ್ತೆ ಬಳಕೆಗೆ ಬರುವಂತಿರಲಿಲ್ಲ. "ಹೊಸಾದು ತಯಾರಾಗೇತಿ ಕಾಕಾ. ನೀವು ಮ್ಯಾಲ ಕುಂದರಲಿಲ್ಲಂದ್ರ ಗಾಡಿ ಚಾಲೂ ಮಾಡಂಗಿಲ್ಲ ಅಂತ ಲಖನ ಕುಂತಾನ. ನಾನೂ ಕಾರ್ಖಾನಿಗೆ ಅದನ್ನ ಬರದು ಕೊಟ್ಟೇನಿ," ಎಂದರು. ದುಂಡೇಶ ಗಳದ ಕವೆಗೆ ಹೊಸ ಟ್ಯೂಬು ಸುತ್ತತೊಡಗಿದರು.

ಆ ರಾಕೆಟ್ ಹಾರಿದ್ದನ್ನು ಗಂಡ ಹೆಂಡತಿ ಇಬ್ಬರೂ ಕಟ್ಟೆಯ ಮೇಲೆ ಕುಳಿತು ಮೊಬೈಲಿನಲ್ಲಿ ನೋಡಿದರು. ಎರಡು ನಿಮಿಷ ಕಳೆಯುವಷ್ಟರಲ್ಲಿ ಕೆಳಭಾಗ ಉರಿದು ಮುಗಿದು, ಕಳಚಿ ಕಡಲಿಗೆ ಬಿತ್ತು. ಹತ್ತೊಂಬತ್ತು ದಿನ ಜೋಪಾನ ಮಾಡಿದ್ದು ಎರಡೇ ನಿಮಿಷದಲ್ಲಿ ಹೋಯಿತಲ್ಲ ಎಂದರೆ ದುಂಡೇಶ ನಗುತ್ತಾರೆ. "ಮ್ಯಾಲ ಹೋಗೋದನ್ನ ಮ್ಯಾಲ ಮುಟ್ಟಿಸಿ ಬಿತ್ತಲ್ರಿ. ಅದರ ಕೆಲಸ ಅಷ್ಟ. ನಂದೂ ಅಷ್ಟ."

ಉಡಾವಣಾ ಕೇಂದ್ರದ ಗೇಟಿನವರೆಗೆ ಹನ್ನೊಂದು ಸಲ ಹೋಗಿದ್ದಾರೆ. ಒಳಗೆ ತಂತಿಗಳಿಲ್ಲ, ಹಾಗಾಗಿ ಗಳ ಹಿಡಿದವರಿಗೆ ಪಾಸೂ ಇಲ್ಲ. ಲಖನ ಗಾಡಿಯನ್ನು ಒಳಗೆ ಒಯ್ಯುತ್ತಾನೆ; ಇವರು ಹೊರಗೆ ಮರದಡಿಯಲ್ಲಿ ಕೂರುತ್ತಾರೆ. ಮುಂದಿನ ಸಲ ಪಾಸು ಕೊಡಿಸಲು ರಾಧಿಕಾ ಓಡಾಡುತ್ತಿದ್ದಾರೆ. ಹಾರುವುದನ್ನು ಕಣ್ಣಾರೆ ಕಾಣುವ ಆಸೆಯೇ ಎಂದು ಕೇಳಿದರೆ ಅಲ್ಲವೆಂದು ತಲೆಯಾಡಿಸುತ್ತಾರೆ.

"ಹಾರೂದು ಮೊಬೈಲ್ನ್ಯಾಗ ಕಂಡೇನ್ರಿ. ಆದ್ರ ನಾ ಬಾಜೂಕ ಇದ್ದು ನೋಡಿದ್ದೆಲ್ಲಾ ಅಡ್ಡ ಮಲಗಿದ್ದ. ಒಂದ ಸಲ ಅದು ಎದ್ದು ನಿಂತದ್ದನ್ನ ಬುಡದಾಗ ನಿಂತು ನೋಡಬೇಕ್ರಿ."