ಠಾಣೆ ಖಾಡಿಯಲ್ಲಿ ಅಷ್ಟಮಿ

ವಾಶಿಯಿಂದ ಠಾಣೆಯವರೆಗೆ ಖಾಡಿಯನ್ನು, ಅಂದರೆ ಸಮುದ್ರದ ಹಿನ್ನೀರನ್ನು, ಶೋಧಿಸಲು ಡೊಂಬಿವಲಿಯ ನಾವು ಕೆಲವರು ಕನ್ನಡಿಗರು ಹೊರಟ ದೋಣಿ ಅರ್ಧದಾರಿಯಲ್ಲೇ ಕೆಸರಿನಲ್ಲಿ ಕುಳಿತುಬಿಟ್ಟಿದೆ. ಈ ಸಾಹಸವನ್ನು ಹೂಡಿದವರು ಬಿಜಾಪುರದ ಬಸವರಾಜ. ಮುಂದಿನ ವಾರ ಅವರಿಗೆ ನಾಗಪುರಕ್ಕೆ ವರ್ಗ. ಅದಕ್ಕೆ ಮೊದಲು ಉಡುಪಿಯ ಶಿಕ್ಷಕಿ ಸುಮತಿಯವರೊಡನೆ ಮದುವೆಯ ಮಾತೆತ್ತಬೇಕೆಂಬುದು ಅವರ ಆಸೆಯೆಂದು ನಮಗೆಲ್ಲ ತಿಳಿದಿತ್ತು. ಆದರೆ ಈವರೆಗೆ ಅವರಾಡಿದ್ದು ಹಕ್ಕಿಗಳ ವಿಷಯ ಮಾತ್ರ.

“ಅಷ್ಟಮೀ ಕಾ ಪಾನೀ ಹೈ ಸಾಬ್, ಊಪರ್ ನಹೀ ಚಢೇಗಾ. ಸುಬಹ್ ಹೀ ಬೋಲಾ ಥಾ,” ಎಂದು ಅಂಬಿಗ ನಕ್ಕ; ಅಷ್ಟಮಿಯ ನೀರು ಮೇಲೇರದೆಂದು ಬೆಳಿಗ್ಗೆಯೇ ಹೇಳಿದ್ದನಂತೆ.

ಲೆಕ್ಕಪತ್ರದ ಕೆಲಸದಿಂದ ನಿವೃತ್ತನಾದರೂ ತಿಥಿಗಳನ್ನು ತಾಳೆ ನೋಡುವ ಅಭ್ಯಾಸ ನನ್ನನ್ನು ಬಿಟ್ಟಿಲ್ಲ. ಚೀಲದಲ್ಲಿದ್ದ ಪಂಚಾಂಗ ತೆರೆದೆ: ಅಷ್ಟಮಿಯೇ ಹೌದು, ಸಮುದ್ರದ ಉಬ್ಬರ ದುರ್ಬಲವಾಗಿರುವ ದಿನ. ಭಾನುವಾರವೊಂದನ್ನೇ ನೋಡಿ ದಿನ ಗೊತ್ತುಮಾಡಿದ್ದ ಬಸವರಾಜರ ಮುಖ ಬಾಡಿತು.

“ನಿಮ್ಮೂರಾಗ ಸಮುದ್ರ ಐತಿ. ನಿಮಗರ ಗೊತ್ತಿರಲಿಲ್ಲೇನ್ರಿ?” ಎಂದು ಸುಮತಿಯವರನ್ನು ಕೇಳಿದರು.

“ಗೊತ್ತಿತ್ತು ಮಾರಾಯ್ರೆ. ದೋಣಿ ಬೇಗ ಠಾಣೆ ಮುಟ್ಟಿದ್ರೆ ನೀವು ಇವತ್ತೂ ಹಕ್ಕಿಗಳ ಹೆಸರು ಹೇಳಿಯೇ ಇಳಿದು ಹೋಗ್ತಿದ್ರಿ.”

ಬಸವರಾಜ ದುರ್ಬೀನನ್ನು ಕೆಳಗಿಟ್ಟು ಅವರ ಪಕ್ಕ ಕುಳಿತರು. ಉಳಿದ ನಾವೆಲ್ಲ ಅಂಬಿಗನ ಬಳಿಗೆ ಸರಿದೆವು. ದೋಣಿ ಒಂದು ಮಗ್ಗುಲಿಗೆ ವಾಲಿತು. ಅಂಬಿಗನೂ ಹಕ್ಕಿಗಳತ್ತ ಮುಖ ತಿರುಗಿಸಿದ.